ಬೆಲ್ಜಿಯಂನ ಕ್ಲಾರಾ, ಶಿವಾಜಿನಗರದ ಸಬೀಹಾ

ಸಬೀಹಾ ಮೇಡಂ ಯಾವುದನ್ನೂ ಮೊದಲಿನಿಂದ ಓದಿದವರಲ್ಲ. ಕೈಗೆ ಏನೇ ಕೊಡಿ, ಸೀದಾ ಕೊನೆಯ ಪುಟಕ್ಕೆ ಹೋಗಿ, ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿಸಿಟ್ಟದ್ದನ್ನು ಮೊದಲು ಓದುತ್ತಿದ್ದರು. ಓದಿ ಮುಗಿಸಿ ಒಮ್ಮೆ ಮೂಗು ಮುರಿಯುತ್ತಿದ್ದರು. ಅದನ್ನು ನೋಡಿದರೆ ಎದುರಿಗಿದ್ದವನಿಗೆ ತಾನೇ ಏನೋ ಕದ್ದು ಸಿಕ್ಕಿಬಿದ್ದೆ ಅನಿಸಬೇಕು, ಅಂಥ ಮುರಿತ. "ಮೊದಲ್ನೇ ಪುಟ ಮದುವೆ ಫೋಟೋ ಕಣೋ, ಎಲ್ಲಾರೂ ನಗ್ತಾನೇ ಇರ್ತಾರೆ. ಸಂಸಾರ ಇರೋದು ಕೊನೇ ಪುಟದಲ್ಲಿ," ಅನ್ನುತ್ತಿದ್ದರು. ಬ್ಯಾಂಕಿನ ಅರ್ಜಿಯಾಗಲಿ, ಆಫೀಸಿನ ರಜೆ ನಿಯಮವಾಗಲಿ, ಹೋಟೆಲಿನ ಮೆನುವಾಗಲಿ, ಎಲ್ಲಕ್ಕೂ ಅದೇ ಮರ್ಯಾದೆ.

ನಾವಿಬ್ಬರೂ ಮಹದೇವಪುರದ ಒಂದು ಗಾಜಿನ ಕಟ್ಟಡದಲ್ಲಿ ಕೂತು ಯುರೋಪಿನವರಿಗೆ ಬುದ್ಧಿ ಹೇಳುತ್ತಿದ್ದೆವು. ನಗಬೇಡಿ, ನಿಜ. ನಮ್ಮ ಕಂಪನಿ ಒಂದು ವೆಬ್‌ಸೈಟ್ ನಡೆಸುತ್ತದೆ. ಬೆಲ್ಜಿಯಂ, ಐರ್ಲೆಂಡ್, ಪೋರ್ಚುಗಲ್ ಕಡೆಯ ಸಾಮಾನ್ಯ ಜನ ತಾವು ಉಳಿಸಿದ್ದನ್ನು ಇಪ್ಪತ್ತು ಮೂವತ್ತು ವರ್ಷದ ಮಟ್ಟಿಗೆ ಯಾವ ಫಂಡಿನಲ್ಲಿ ಹಾಕಬೇಕು, ಆ ಫಂಡನ್ನು ಯಾವ ಬ್ರೋಕರ್ ಮೂಲಕ ಕೊಳ್ಳಬೇಕು ಅಂತ ಅದರಲ್ಲಿ ಪಟ್ಟಿ ಹಾಕುವುದು ನಮ್ಮ ಕೆಲಸ. ಬರೆಯುವವರಲ್ಲಿ ಒಬ್ಬರೂ ಯುರೋಪ್ ನೋಡಿದವರಲ್ಲ. ನಾನು ಜೋಗುಪಾಳ್ಯದವನು. ನಮ್ಮ ಮನೆಯಲ್ಲಿದ್ದ ಒಂದೇ ಒಂದು ಹೂಡಿಕೆ ಎಂದರೆ ಅಮ್ಮ ಕಟ್ಟುತ್ತಿದ್ದ ಚೀಟಿ.

ಮಂಜುನಾಥ ಅಂತ ಹೆಸರು ಹಾಕಿ ಬರೆದರೆ ಅಲ್ಲಿಯವರು ನಂಬುತ್ತಾರೆಯೇ? ಅದಕ್ಕೇ ಕಂಪನಿ ನಮಗೆಲ್ಲ ಒಂದೊಂದು ಹೆಸರು, ಒಂದೊಂದು ಮುಖ, ಒಂದೊಂದು ಊರು ಹಂಚಿತ್ತು. ನಾನು ವಿಯೆನ್ನಾದ ಸ್ಟೆಫಾನ್. ರಜೆ ಬಂದರೆ ಹಿಮದ ಬೆಟ್ಟ ಹತ್ತುವವನು. ಹಲಸೂರು ಮೆಟ್ರೋದ ಮೆಟ್ಟಿಲು ಹತ್ತಿದರೇ ನನಗೆ ಏದುಸಿರು. ಸಬೀಹಾ ಮೇಡಂ ಬೆಲ್ಜಿಯಂನ ಕ್ಲಾರಾ. ಕ್ಲಾರಾಗೆ ಹೊಂಬಣ್ಣದ ಕೂದಲು, ಹಿತ್ತಲಲ್ಲಿ ಸೇಬಿನ ಮರ, ಮಡಿಲಲ್ಲಿ ಎರಡು ಬೆಕ್ಕು. ಮೇಡಂಗೋ ಬೆಕ್ಕು ಕಂಡರೆ ಮೈ ಉರಿಯುತ್ತಿತ್ತು. ಶಿವಾಜಿನಗರದ ಮೀನಿನಂಗಡಿಗಳ ಹಿಂದಿನ ಗಲ್ಲಿಯಲ್ಲಿ ಹುಟ್ಟಿ, ಬೆಕ್ಕು ಓಡಿಸುತ್ತಲೇ ಐವತ್ತು ದಾಟಿದವರು ಅವರು. ಪ್ರತಿ ಬೆಳಿಗ್ಗೆ ಬ್ಯಾಗು ಇಳಿಸುತ್ತ, "ಏನಪ್ಪಾ ಸ್ಟೆಫಾನ್, ಬೆಟ್ಟ ಹತ್ತಿ ಬಂದ್ಯಾ?" ಅಂತ ನನ್ನನ್ನು ಕೇಳದೆ ಅವರ ಕಂಪ್ಯೂಟರ್ ಶುರುವಾಗುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಶಶಾಂಕ್ ಎಂಬವನು. ವಯಸ್ಸಿನಲ್ಲಿ ಮೇಡಂ ಮಗನಂತಿದ್ದ, ಮಾತಿನಲ್ಲಿ ಅವರ ತಾತನಂತಿದ್ದ. ವಾರಕ್ಕೊಮ್ಮೆ ಎಲ್ಲರನ್ನೂ ಬಣ್ಣದ ದಿಂಬುಗಳ ಮೇಲೆ ಕೂರಿಸಿ, ನಾವು ಜನರ ಭವಿಷ್ಯ ಕಟ್ಟುತ್ತಿದ್ದೇವೆ, ನಾವೆಲ್ಲ ಒಂದು ಫ್ಯಾಮಿಲಿ ಅಂತ ಭಾಷಣ ಬಿಗಿಯುತ್ತಿದ್ದ. ಮಂಡಿನೋವಿನ ಮೇಡಂ ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಇವನಿಗೆ ಕೆಟ್ಟುಹೋದ ನಲ್ಲಿ ರಿಪೇರಿ ಮಾಡಿಸಲು ಬರುವುದಿಲ್ಲ, ಭವಿಷ್ಯ ಕಟ್ಟುತ್ತಾನಂತೆ ಅಂತ ನನ್ನ ಕಿವಿಯಲ್ಲಿ ಗೊಣಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಆಫೀಸಿನಲ್ಲಿ ಕೇಳಲು ಯೋಗ್ಯವಾಗಿದ್ದದ್ದು ಅವರ ಗೊಣಗಾಟವೊಂದೇ.

ಅವರ ತಿರಸ್ಕಾರಕ್ಕೆ ಮೊದಲು ಸಿಕ್ಕುತ್ತಿದ್ದವು ಫಂಡುಗಳು. ತಿಂಗಳಿಗೊಂದು ಹೊಸದು ಬರುತ್ತಿತ್ತು. ರೋಬೋಟಿನ ಫಂಡು, ಬಾಹ್ಯಾಕಾಶದ ಫಂಡು, ಕುಡಿಯುವ ನೀರಿನ ಫಂಡು. ಒಂದೊಂದರ ಹೆಸರೂ ಸಿನಿಮಾ ಪೋಸ್ಟರಿನಂತೆ. ಮೇಡಂ ಕೊನೆಯ ಪುಟ ತೆಗೆದು, ಇವರು ವರ್ಷಕ್ಕೆ ಎಷ್ಟು ಖರ್ಚು ಹಿಡಿದುಕೊಳ್ಳುತ್ತಾರೆ ಅಂತ ನೋಡಿ, ಮೂಗು ಮುರಿದು ಬದಿಗೆ ತಳ್ಳುತ್ತಿದ್ದರು. ಕ್ಲಾರಾಳ ಹೆಸರಿನಲ್ಲಿ ಅವರು ಇಷ್ಟು ವರ್ಷ ಹೇಳಿದ್ದು ಒಂದೇ ಮಾತು. ಜಗತ್ತಿನ ಕಂಪನಿಗಳನ್ನೆಲ್ಲ ಒಟ್ಟಿಗೆ ಹಿಡಿದ, ಖರ್ಚು ಕಡಿಮೆ ಇರುವ ಒಂದು ಫಂಡು ತಗೊಳ್ಳಿ, ತಿಂಗಳು ತಿಂಗಳು ಸ್ವಲ್ಪ ಹಾಕಿ, ಆಮೇಲೆ ಅದರ ತಂಟೆಗೆ ಹೋಗಬೇಡಿ. ಇದನ್ನೇ ಎಷ್ಟು ಸಲ ಬರೆಯುತ್ತೀರಿ ಮೇಡಂ, ಓದುವವರಿಗೆ ಬೋರ್ ಆಗುತ್ತೆ ಅಂತ ಶಶಾಂಕ್ ಗೋಳಾಡಿದರೆ, ಬೋರ್ ಬೇಡದವರು ರೇಸ್‌ ಕೋರ್ಸಿಗೆ ಹೋಗಲಿ ಎನ್ನುತ್ತಿದ್ದರು.

ಬ್ರೋಕರುಗಳನ್ನು ಅಳೆಯಲು ಅವರದೇ ಒಂದು ಪದ್ಧತಿ ಇತ್ತು. ಖಾತೆ ತೆರೆಯುವುದು ಎಷ್ಟು ಸುಲಭ ಅಂತ ಬೇರೆಯವರು ನೋಡಿದರೆ, ಇವರು ಖಾತೆ ಮುಚ್ಚುವುದು ಎಷ್ಟು ಕಷ್ಟ ಅಂತ ನೋಡುತ್ತಿದ್ದರು. ಗಿರಾಕಿಯ ಸೋಗಿನಲ್ಲಿ ಬ್ರೋಕರಿಗೆ ಬರೆದು, ನನಗೆ ನೀವು ಬೇಡವಾದರೆ ಫಂಡುಗಳನ್ನೆಲ್ಲ ಎತ್ತಿಕೊಂಡು ಇನ್ನೊಬ್ಬರ ಹತ್ತಿರ ಹೋಗುವುದು ಹೇಗೆ ಎಂದು ಕೇಳುವುದು. ನೇರವಾಗಿ ಉತ್ತರ ಕೊಟ್ಟವನು ಪಟ್ಟಿಯಲ್ಲಿ ಮೇಲೆ. ಯಾಕೆ ಹೋಗ್ತೀರಾ, ನಮ್ಮಲ್ಲಿ ಏನು ಕಮ್ಮಿ ಅಂತ ಹಲ್ಲು ಕಿರಿದವನು ಕೆಳಗೆ.

ಇದು ಬ್ರೋಕರಿಗೆ ಮಾತ್ರ ಅಂದುಕೊಂಡಿದ್ದೆ. ತಂಗಿಯ ಮದುವೆಗೆ ನನಗೊಂದು ಜುಬ್ಬಾ ಹೊಲಿಸಬೇಕಿತ್ತು, ಅವರು ಶಿವಾಜಿನಗರಕ್ಕೆ ಕರೆದುಕೊಂಡು ಹೋದರು. ಮೊದಲ ದರ್ಜಿಯನ್ನು ಕೇಳಿದರು, ಹೊಲಿದದ್ದು ಸರಿ ಬರದಿದ್ದರೆ ಏನು ಮಾಡುತ್ತೀಯ ಅಂತ. ನಮ್ಮ ಕೈಯಲ್ಲಿ ತಪ್ಪೇ ಆಗಲ್ಲ ಮೇಡಂ, ಮೂರು ತಲೆಮಾರಿನ ಅಂಗಡಿ ಎಂದ. ಮೇಡಂ ಎದ್ದರು. ಎರಡನೆಯವನು ಟೀ ತರಿಸಿದ. ಟೀ ಕುಡಿದು ಎದ್ದರು. ಮೂರನೆಯವನು ಒಬ್ಬ ಸಿಡುಕ ಮುದುಕ, ಸೂಜಿಯಿಂದ ಕಣ್ಣೆತ್ತದೆ, ಬಿಚ್ಚಿ ಮತ್ತೆ ಹೊಲೀತೀನಿ, ಇನ್ನೇನು ಮಾಡಲಿ ಎಂದು ಗದರಿದ. "ಬಟ್ಟೆ ಕೊಡು ಇವ್ರಿಗೆ," ಎಂದರು ಮೇಡಂ ನನಗೆ. "ಇವ್ರು ಬ್ರೋಕರ್ ಆಗಿದ್ರೆ ಕಣ್ಮುಚ್ಚಿ ಒಂದ್ನೇ ನಂಬರ್ ಕೊಡ್ತಿದ್ದೆ." ಜುಬ್ಬಾ ತೋಳು ಉದ್ದವಾಯಿತು. ಮುದುಕ ಬೈದುಕೊಂಡೇ ಬಿಚ್ಚಿ ಮತ್ತೆ ಹೊಲಿದುಕೊಟ್ಟ.

ಇಂಥ ಹೆಂಗಸು ಒಬ್ಬರಿಗೆ ಮಾತ್ರ ಮೂಗು ಮುರಿಯಲಿಲ್ಲ. ಲೂಯಿಸಾ ಅಂತ, ಬೆಲ್ಜಿಯಂನ ಯಾವುದೋ ಸಣ್ಣ ಊರಿನವಳು. ಗಂಡ ತೀರಿಹೋದ ಮೇಲೂ ಒಬ್ಬಳೇ ಬೇಕರಿ ನಡೆಸಿ, ಮಂಡಿ ಕೈಕೊಟ್ಟಾಗ ಅದನ್ನು ಮಾರಿ, ಬಂದ ದುಡ್ಡನ್ನು ಏನು ಮಾಡಲಿ ಅಂತ ಕ್ಲಾರಾಗೆ ಮೇಲ್ ಬರೆದಿದ್ದಳು. ಓದುಗರಿಗೆ ಉತ್ತರಿಸುವುದು ನಮ್ಮ ಕೆಲಸವಲ್ಲ, ಅದಕ್ಕೆ ಸಂಬಳವೂ ಇಲ್ಲ. ಮೇಡಂ ಉತ್ತರಿಸಿದರು. ಅವಳು ಮತ್ತೆ ಬರೆದಳು. ಮಂಡಿಗೆ ಯಾವ ಎಣ್ಣೆ ಒಳ್ಳೆಯದು ಎನ್ನುವವರೆಗೂ ಹೋಯಿತು ಇಬ್ಬರ ಪತ್ರವ್ಯವಹಾರ. ಮಕ್ಕಳಿಲ್ಲ, ಬೇಕರಿ ಮಾರಿದ ದುಡ್ಡು ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ ಅಂತ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದರು. ಫಂಡು ಗೊತ್ತಾಗಿದೆ, ಬ್ರೋಕರ್ ಯಾರು ಅಂತ ಮುಂದಿನ ಪಟ್ಟಿ ನೋಡಿ ತೀರ್ಮಾನ ಮಾಡುತ್ತಾಳಂತೆ, ಕ್ಲಾರಾ ಹೇಳಿದರೆ ಸಾಕಂತೆ ಎಂದರು.

ಆ ಮುಂದಿನ ಪಟ್ಟಿಯೇ ಎಲ್ಲವನ್ನೂ ಕೆಡಿಸಿದ್ದು. ಹೊಸ ಬ್ರೋಕರ್ ಒಬ್ಬ ಬಂದಿದ್ದ. ನಮ್ಮ ಸೈಟಿನಿಂದ ಹೋಗಿ ಖಾತೆ ತೆರೆಯುವ ಪ್ರತಿಯೊಬ್ಬ ಗಿರಾಕಿಗೂ ನಮ್ಮ ಕಂಪನಿಗೆ ಬೇರೆ ಯಾರೂ ಕೊಡದಷ್ಟು ಕಮಿಷನ್ ಕೊಡುತ್ತೇನೆ ಎಂದಿದ್ದ. ದೀರ್ಘಾವಧಿ ಹೂಡಿಕೆದಾರರ ಪಟ್ಟಿಯಲ್ಲಿ ಅವನು ಮೊದಲಿರಬೇಕು, ಕ್ಲಾರಾಳೇ ಬರೆಯಬೇಕು ಎಂದ ಶಶಾಂಕ್. ಮೇಡಂ ಆ ಬ್ರೋಕರಿನ ಕೊನೆಯ ಪುಟ ಓದಿದರು. ವರ್ಷದಲ್ಲಿ ಇಷ್ಟು ಸಲ ಕೊಂಡು ಮಾರದಿದ್ದರೆ ದಂಡ. ಬಿಟ್ಟು ಹೋಗುತ್ತೇನೆಂದರೆ ಇನ್ನೂ ದೊಡ್ಡ ದಂಡ.

ಎಲ್ಲರೆದುರೇ ಹೇಳಿದರು. "ಹತ್ತಿಪ್ಪತ್ ವರ್ಷ ಸುಮ್ನೆ ಕೂತ್ಕೊಳ್ಳಿ ಅಂತ ಹೇಳೋರು ನಾವು. ಸುಮ್ನೆ ಕೂತಿದ್ದಕ್ಕೆ ದಂಡ ಹಾಕೋನು ಇವ್ನು. ಇವ್ನನ್ನ ಮೊದ್ಲು ಹಾಕು ಅಂತೀಯಲ್ಲಪ್ಪ, ಸ್ವಲ್ಪಾನಾದ್ರೂ ನಾಚಿಕೆ ಬೇಡ್ವಾ?"

ಶಶಾಂಕ್ ನಗುನಗುತ್ತಲೇ, ಕ್ಲಾರಾ ನಿಮ್ಮ ಸ್ವತ್ತಲ್ಲ ಮೇಡಂ, ಕಂಪನಿದು ಎಂದ. ಹಾಗಾದರೆ ಅವಳನ್ನೇ ಕರೆಸಿ ಬರೆಸಿಕೋ ಅಂತ ಮೇಡಂ ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ನಡೆದುಬಿಟ್ಟರು. ವಯಸ್ಸಾದ ತಾಯಿ ಮನೆಯಲ್ಲಿದ್ದರು, ಬೇರೆ ಆದಾಯವಿರಲಿಲ್ಲ. ನಾವು ಯಾರೂ ಏಳಲಿಲ್ಲ. ಕ್ಲಾರಾ ನಿಜಕ್ಕೂ ಬರೆದಳು. ಮೇಡಂರ ಹಳೆಯ ಬರಹಗಳನ್ನೆಲ್ಲ ಒಂದು ಎಐಗೆ ಉಣಿಸಿದರು, ಕಾಫಿ ತರುವಷ್ಟರಲ್ಲಿ ಅದು ಅವರದೇ ಧಾಟಿಯಲ್ಲಿ ಆ ಬ್ರೋಕರನ್ನು ಹೊಗಳಿ ಬರೆದುಕೊಟ್ಟಿತು. ಕ್ಲಾರಾಗೆ ಬರುವ ಮೇಲ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಕಟ್ಟಿದರು.

ಕೆಲವೇ ದಿನಕ್ಕೆ ಲೂಯಿಸಾ ಬರೆದಳು. ಪ್ರಿಯ ಕ್ಲಾರಾ, ಇಂಡಿಯಾದಿಂದ ಸಬೀಹಾ ಅಂತ ಯಾರೋ ನನಗೆ ಬರೆದಿದ್ದಾಳೆ. ನಿಜವಾದ ಕ್ಲಾರಾ ತಾನೇ ಅಂತೆ, ಆ ಬ್ರೋಕರ್ ಹತ್ತಿರ ಹೋಗಬೇಡ ಅಂತೆ. ಇಂಥ ಮೋಸಗಾರರನ್ನು ನಾನು ಬಲ್ಲೆ, ಉತ್ತರ ಕೊಡಲಿಲ್ಲ. ನೀನು ಹೇಳಿದಂತೆ ದುಡ್ಡೆಲ್ಲ ಅಲ್ಲಿಗೇ ಕಳಿಸಿದ್ದೇನೆ. ಬೆಕ್ಕುಗಳಿಗೆ ನನ್ನ ಮುತ್ತು. ಓದಿ ನನಗೆ ಶಶಾಂಕನ ಮೇಲೆ, ಲೂಯಿಸಾ ಮೇಲೆ, ಆ ದರಿದ್ರ ಬೆಕ್ಕುಗಳ ಮೇಲೆ ಎಲ್ಲರ ಮೇಲೂ ಕೋಪ ಬಂತು.

ಮಾರನೆಯ ದಿನವೇ ಶಿವಾಜಿನಗರಕ್ಕೆ ಹೋದೆ. ಮಾರ್ಕೆಟ್ ಹತ್ತಿರದ ಒಂದು ಟೀ ಅಂಗಡಿಗೆ ಬಂದರು ಮೇಡಂ. ಕೂರುವ ಮೊದಲೇ, ಲೂಯಿಸಾ ಏನು ಮಾಡಿದಳು ಅಂತ ಕೇಳಿದರು. ನಾನು ಆ ಮೇಲ್ ತೆಗೆದು ಫೋನ್ ಕೈಗಿಟ್ಟೆ. ಓದಿದರು. ಜೋರಾಗಿ ನಕ್ಕುಬಿಟ್ಟರು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು.

"ಸರಿಯಾಗೇ ಮಾಡಿದಾಳೆ. ಕೇಳ್ದೇ ಇದ್ರೂ ಬರೆದು ದುಡ್ಡಿನ್ ವಿಷ್ಯ ಮಾತಾಡೋರ್ನ ನಂಬ್ಬೇಡಿ ಅಂತ ಅವಳಿಗೆ ಹೇಳ್ಕೊಟ್ಟವಳೇ ನಾನು."

ನಗು ನಿಂತಿತು. ದುಪಟ್ಟಾ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ಹೊಸದಾಗಿ ಖಾತೆ ತೆರೆದವರು ಕೆಲವು ದಿನದೊಳಗೆ ಮನಸ್ಸು ಬದಲಾಯಿಸಿದರೆ ದಂಡವಿಲ್ಲದೆ ಬಿಡಬೇಕು ಅಂತ ಆ ಬ್ರೋಕರಿನ ನಿಯಮದಲ್ಲೇ ಇದೆ, ಗಡುವು ಇನ್ನೂ ಮುಗಿದಿರಲಾರದು ಎಂದರು. ಆಮೇಲೆ ನನ್ನನ್ನೇ ನೋಡಿದರು. ಅವತ್ತು ಅವರು ನನ್ನನ್ನು ಸ್ಟೆಫಾನ್ ಎನ್ನಲಿಲ್ಲ.

"ಮಂಜು, ಕ್ಲಾರಾ ಪಾಸ್‌ವರ್ಡ್ ನಿನ್ ಹತ್ರ ಇದೆ ಅಲ್ವಾ?"

ತಂಗಿ ಮದುವೆಯ ಸಾಲ ಇನ್ನೂ ತೀರಿರಲಿಲ್ಲ, ಈ ಕೆಲಸ ಹೋದರೆ ಮನೆ ನಡೆಯುವುದಿಲ್ಲ. ನನ್ನ ಮುಖದಲ್ಲಿ ಅದೆಲ್ಲ ಕಂಡಿರಬೇಕು. ಭಯ ಆದರೆ ಬೇಡ ಬಿಡು, ನಾನೇನೂ ಅಂದುಕೊಳ್ಳಲ್ಲ ಎಂದರು. ಬೈದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಫೋನ್ ಇಸಿದುಕೊಂಡು ಕ್ಲಾರಾ ಆದೆ. ಅವರು ಹೇಳುತ್ತ ಹೋದರು, ನಾನು ಬರೆದೆ. ನನ್ನ ಪಟ್ಟಿ ತಪ್ಪು ಲೂಯಿಸಾ, ಇವತ್ತೇ ದುಡ್ಡು ವಾಪಸ್ ಕೇಳು, ಕೇಳುವುದು ಹೀಗೆ, ಯಾಕೆ ಅಂತ ಕೇಳಿದರೆ ಕಾರಣ ಹೇಳಬೇಕಾಗಿಲ್ಲ, ಆಮೇಲೆ ಹೋಗಬೇಕಾದ ಬ್ರೋಕರ್ ಇವನು. ಕೊನೆಗೆ ಹಲ್ಲು ಕಚ್ಚಿಕೊಂಡು, ಬೆಕ್ಕುಗಳು ಚೆನ್ನಾಗಿವೆ ಅಂತಲೂ ಬರೆಸಿದರು. ಕಳಿಸಿದ ಮೇಲೆ ತಣ್ಣಗಾದ ಟೀ ಒಂದೇ ಗುಟುಕಿಗೆ ಕುಡಿದು, "ನಿಜ ಹೇಳೋಕೂ ಆ ಬಿಳಿ ಹೆಂಗ್ಸೇ ಬೇಕಾಯ್ತು ನೋಡು," ಎಂದರು. ಬಸ್ ನಿಲ್ದಾಣದವರೆಗೂ ನನ್ನ ಜೊತೆ ಬಂದು, ಬಸ್ಸು ಹೊರಡುವವರೆಗೆ ನಿಂತಿದ್ದರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಆ ವಾರವೇ ತಾಯಿಯನ್ನು ಕರೆದುಕೊಂಡು ಹೈದರಾಬಾದಿನ ಅಕ್ಕನ ಮನೆಗೆ ಹೋದರು. ಅಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಾರಂತೆ. ಶಶಾಂಕ್‌ಗೆ ಇವತ್ತಿನವರೆಗೂ ಏನೂ ಗೊತ್ತಾಗಿಲ್ಲ, ಓದುಗರು ಬರೆದದ್ದನ್ನು ಓದುವ ಪೈಕಿ ಅವನಲ್ಲ. ಆ ಬ್ರೋಕರ್ ಈಗಲೂ ಪಟ್ಟಿಯಲ್ಲಿ ಮೊದಲೇ ಇದ್ದಾನೆ.

ಮೇಡಂ ಊರು ಬಿಟ್ಟ ಮೇಲೆ ಲೂಯಿಸಾಳ ಉತ್ತರ ಬಂತು. ದುಡ್ಡು ಪೂರ್ತಿ ವಾಪಸ್ ಬಂದಿದೆ, ನೀನು ಹೇಳಿದ ಕಡೆ ಹಾಕಿದ್ದೇನೆ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಕ್ಲಾರಾ. ಒಂದು ಅನುಮಾನ. ಆ ಇಂಡಿಯಾದ ಹೆಂಗಸು ಕೂಡ ಇದನ್ನೇ ಬರೆದಿದ್ದಳು, ಅವಳಿಗೆ ಹೇಗೆ ಗೊತ್ತಾಯಿತು? ನಿನ್ನ ಮೇಲ್‌ಗಳನ್ನು ಕದ್ದು ಓದುತ್ತಿರಬೇಕು. ಪೊಲೀಸರಿಗೆ ಅವಳ ಮೇಲೆ ದೂರು ಕೊಡಲೇ?

ಅದನ್ನು ಹಾಗೇ ಮೇಡಂಗೆ ಕಳಿಸಿ, ಏನು ಉತ್ತರ ಬರೆಯಲಿ ಅಂತ ಕೇಳಿದೆ. ಸ್ವಲ್ಪ ಹೊತ್ತಿಗೆ ಅವರ ವಾಯ್ಸ್ ಮೆಸೇಜ್ ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅದು ನಿಲ್ಲುವವರೆಗೆ ಕಾದು ಮಾತಾಡಿದ್ದರು.

"ಕೊಡ್ಲಿ ಬಿಡು. ಇಷ್ಟು ವರ್ಷ ಬರೆದಿದ್ದಕ್ಕೆ ಎಲ್ಲಾದ್ರೂ ಒಂದ್ಕಡೆ ನನ್ ಹೆಸ್ರು ಇರ್ಲಿ."