ಟ್ರೇಲರಿನ ಮೂಕಿ ಎತ್ತಿ ನೋಡಿದ್ದು

ನನಗಾಗ ಇಪ್ಪತ್ತು ವರ್ಷ; ಇದು ಅರವತ್ತೈದು ವರ್ಷದ ಹಿಂದಿನ ಮಾತು. ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದ ಟೆಂಟ್ ಸಿನಿಮಾದವರು ಟ್ರೇಲರಿಗೆ ಸಾಮಾನೆಲ್ಲ ಹಿಂದಕ್ಕೇ ಹೇರಿದ್ದರು. ಅದೇ ದಾರಿಯ ನಮ್ಮೂರಿಗೆ ಹೊರಟಿದ್ದ ನಮ್ಮನೆಯವರು ಮಗುವನ್ನೆತ್ತಿಕೊಂಡು ಆ ಸಾಮಾನಿನ ಮೇಲೆ ಕೂತಿದ್ದರು. ಟ್ರೇಲರನ್ನು ಅವರ ಜೀಪಿಗೆ ಸಿಕ್ಕಿಸುವ ಮೊದಲು, ಎತ್ತಿನ ಗಾಡಿಗೆ ನೋಡುವ ಹಾಗೆ ಮುಂದೆ ಚಾಚಿದ ಮೂಕಿ ಎತ್ತಿ ನೋಡಿದೆ. ಒಂದೇ ಕೈಗೆ ಹಗುರಾಗಿ ಮೇಲೆ ಬಂತು.

“ಹಿಂಭಾರ ಐತ್ರೀ, ಮುಂದಕ್ಕೆ ಹೇರ್ರಿ.”

“ಇದೇನು ನಿಮ್ಮ ಎತ್ತಿನ ಗಾಡೀನಾ ಅಮ್ಮ?” ಎಂದು ಡ್ರೈವರ್ ನಕ್ಕ. ನಮ್ಮನೆಯವರೂ ನಕ್ಕರು.

ಆ ನಗುವನ್ನು ನಾನು ನಂಬಲಿಲ್ಲ. ಮಗುವನ್ನು ಇಳಿಸಿಕೊಂಡು ಬಸ್ಸು ಹತ್ತಿದೆ. ನಮ್ಮನೆಯವರು ಟ್ರೇಲರಿನಲ್ಲೇ ಹೋದರು. ಹಿಂದೆ ಬಸ್ಸಿನಲ್ಲಿ ಬಂದು ನೋಡಿದರೆ, ದಾರಿಯ ಇಳಿಜಾರಿನಲ್ಲಿ ಟ್ರೇಲರ್ ಓಲಾಡಿ ಮಗುಚಿ ಬಿದ್ದಿತ್ತು. ನಮ್ಮನೆಯವರು ಮುರಿದ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದರು.

ಮರುದಿನ ಬೆಳಿಗ್ಗೆ ಮೂಳೆ ಕಟ್ಟುವವರಲ್ಲಿಗೆ ಹೋಗಲು ಅವರು ನಮ್ಮ ಗಾಡಿ ಹತ್ತಿ ಹಿಂದೆ ಕೂತರು. ಎತ್ತು ಕಟ್ಟುವ ಮೊದಲು ನಾನು ಮೂಕಿ ಎತ್ತಿ ನೋಡಿದೆ. ಅವರು ತಾವೇ ಮುಂದಕ್ಕೆ ಸರಿದರು.