ಕುಶಲ ಕೇಳಿದರೆ ಅಂಕ ಕಡಿಮೆ

ಕುಂಬಳೆ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಫೋನ್ ಕೌಂಟರಿನ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ದೊಡ್ಡ ಕುರ್ಚಿಯೇನೂ ಇಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ನಾಲ್ವರು ಹೆಂಗಸರು, ಅವರ ಬೆನ್ನ ಹಿಂದೆ ನಾನು. ಯಾವ ಡಾಕ್ಟರು ಯಾವತ್ತು ಇರುತ್ತಾರೆ, ಟೋಕನ್ ಸಿಗುತ್ತದೆಯೇ ಎಂದು ಹೇಳಿದರೆ ನಮ್ಮ ಕೆಲಸ ಮುಗಿಯಿತು ಎಂದು ಮೇಲಿನವರು ತಿಳಿದಿದ್ದಾರೆ.

ಆದರೆ ನಮ್ಮ ಕಡೆಯವರು ಫೋನಿನಲ್ಲಿ ನೇರ ವಿಷಯಕ್ಕೆ ಬರುವುದಿಲ್ಲ. ಗಡಿನಾಡಲ್ಲವೇ, ಮಲಯಾಳದಲ್ಲಿ ಶುರು ಮಾಡುತ್ತಾರೆ. ಈಚೆಯ ದನಿಯಲ್ಲಿ ಪರಿಚಯದ ವಾಸನೆ ಹತ್ತಿದರೆ ತುಳುವಿಗೋ ಕನ್ನಡಕ್ಕೋ ಹೊರಳುತ್ತಾರೆ. ನಿಮ್ಮ ಮನೆ ಎಲ್ಲಿ, ಅಲ್ಲಿ ನಮ್ಮ ಚಿಕ್ಕಮ್ಮನನ್ನು ಕೊಟ್ಟದ್ದು, ನಿಮ್ಮಲ್ಲಿ ಮಳೆ ಉಂಟಾ ಎಂದೆಲ್ಲ ಆಗುತ್ತದೆ. ಟೋಕನ್ ಬರೆಸಿ, ಇನ್ನೇನು ಫೋನು ಇಡಬೇಕು ಎನ್ನುವಾಗ, "ಮತ್ತೊಂದು ಸಂಗತಿ ಇತ್ತು ಅಕ್ಕಾ" ಎನ್ನುತ್ತಾರೆ. ನಿಜವಾದ ಕಾಯಿಲೆ ಹೊರಬರುವುದು ಆಗ. ಗ್ಯಾಸ್ಟ್ರಿಕ್ ಎಂದು ಹೇಳಿದ ಹೆಂಗಸು ಎದೆಯಲ್ಲಿ ಗಂಟಿದೆ ಎಂದು ಬಾಯಿ ಬಿಡುವುದೂ ಆಗಲೇ.

ಇದನ್ನು ಕಾಯುವುದರಲ್ಲಿ ನಮ್ಮಲ್ಲೊಬ್ಬಳು ಪಳಗಿದವಳು. ತುಳು ಮನೆಯವಳು, ಗಂಡ ತೀರಿಕೊಂಡಿದ್ದಾನೆ, ಮಗಳು ಪ್ಲಸ್ ಟು ಓದುತ್ತಿದ್ದಾಳೆ. ಮನೆಗೆ ಬರುವ ಸಂಬಳ ಅವಳದೊಂದೇ. ಆಚೆಯವರು ಸುಮ್ಮನಾದರೆ ಅವಳೂ ಸುಮ್ಮನಾಗುವಳು, ಫೋನು ಮಾತ್ರ ಇಡುವವಳಲ್ಲ. ಅವಳ ಕಿವಿಯಿಂದಾಗಿ ಸರಿಯಾದ ಡಾಕ್ಟರ ಬಳಿ ಹೋದವರು ಎಷ್ಟು ಮಂದಿಯೋ, ಲೆಕ್ಕ ಇಟ್ಟವರಿಲ್ಲ.

ಕಳೆದ ವರ್ಷ ಕೌಂಟರಿಗೆ ಎಐ ಬಂತು. ಎಲ್ಲರ ಮಾತನ್ನೂ ಅದು ಕೇಳುತ್ತದೆ, ಸಂಜೆಗೆ ಪರದೆಯ ಮೇಲೆ ಅಂಕ ಕೊಡುತ್ತದೆ. ಒಳ್ಳೆಯ ಅಂಕಕ್ಕೆ ಹಸಿರು, ಕಡಿಮೆಯಾದರೆ ಕೆಂಪು. ಕುಶಲ ಕೇಳಿದರೆ ಅನಗತ್ಯ ಮಾತು, ಸುಮ್ಮನೆ ಕಾದರೆ ವ್ಯರ್ಥ ಸಮಯ. ಅವಳು ದಿನವೂ ಕೆಂಪು. ಶಾಲೆಯಲ್ಲೂ ನಾನು ಇಷ್ಟು ಕೆಂಪು ಶಾಯಿ ಕಂಡವಳಲ್ಲ.

ಆಡಳಿತ ನೋಡುವ ಹುಡುಗ ದೊಡ್ಡ ಡಾಕ್ಟರ ಅಳಿಯ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನ್ನನ್ನು ಕರೆದು ಚಹಾ ತರಿಸಿದ. "ಮೇಡಂ, ಇನ್ನು ಸ್ವಲ್ಪ ಸಮಯದಲ್ಲಿ ಅರ್ಧ ಫೋನು ಮೆಷಿನೇ ತೆಗೀತದೆ. ಇಬ್ಬರು ಸಾಕು. ಆ ತುಳುವಿನ ಅಕ್ಕ ಈ ತಿಂಗಳೂ ಕೆಂಪಲ್ಲಿದ್ರೆ ನನಗೆ ಉಳಿಸ್ಲಿಕ್ಕೆ ಆಗುದಿಲ್ಲ" ಎಂದ.

ನಮ್ಮವರು ಮಾತಾಡುವ ರೀತಿಯನ್ನು ಬಿಡಿಸಿ ಹೇಳಿದೆ. ಅವನೂ ಇದೇ ಊರಿನವನು, ಗೊತ್ತಿಲ್ಲದ್ದೇನಲ್ಲ. ತಲೆಯಾಡಿಸಿದ. "ನೀವು ಹೇಳುದು ಸರಿ. ಎಐ ಕಂಪೆನಿಯವರ ಹತ್ರ ನಾನೇ ಕೇಳಿದೆ. ಅದು ಒಳಗೇ ಹಾಗೆ ಉಂಟಂತೆ, ಇಲ್ಲಿಂದ ಬದಲು ಮಾಡ್ಲಿಕ್ಕೆ ಬರುದಿಲ್ಲವಂತೆ. ನೀವು ಲೀಡರ್ ಅಲ್ವಾ, ನೀವೇ ಅವರನ್ನು ತಯಾರು ಮಾಡಿ" ಎಂದ. ಇಷ್ಟು ವರ್ಷ ಯಾರೂ ನನ್ನನ್ನು ಲೀಡರ್ ಎಂದಿರಲಿಲ್ಲ. ಕತ್ತಿ ಕೊಡುವಾಗ ಬಿರುದೂ ಕೊಟ್ಟರು.

ಟೋಕನ್ ಕೊಟ್ಟ ಕೂಡಲೇ ಫೋನು ಇಡು ಎಂದು ಕ್ಯಾಂಟೀನಿನಲ್ಲಿ ಅವಳಿಗೆ ಹೇಳಿದೆ.

"ಅವರು ಹೇಳಿ ಮುಗಿಸುವ ಮೊದಲೇ ಇಡುದು ಹೇಗೆ ಅಕ್ಕಾ?" ಎಂದಳು.

"ಇಡು ಮಾರಾಯ್ತಿ. ಮಗಳನ್ನು ನೆನೆಸಿಕೊಂಡು ಇಡು."

"ನೀವೇ ಹೇಳುದಾ?"

"ನಾನು ಎಂತ ಮಾಡುದು ಹೇಳು."

ಅವಳು ಚಹಾದ ಲೋಟ ಎತ್ತಿಕೊಂಡು ಕೌಂಟರಿಗೆ ಎದ್ದು ಹೋದಳು.

ಮರುದಿನದಿಂದಲೇ ಅವಳು ಬದಲಾದಳು. ಹೆಸರು, ವಯಸ್ಸು, ಡಾಕ್ಟರು, ಟೋಕನ್, ಧನ್ಯವಾದ. ದನಿಯೂ ಇಸ್ತ್ರಿ ಹಾಕಿದ ಹಾಗೆ ಸಪಾಟಾಯಿತು. ತಿಂಗಳ ಕೊನೆಗೆ ನಾಲ್ವರಲ್ಲಿ ಅವಳದೇ ಹೆಚ್ಚು ಅಂಕ. ಹುಡುಗ ಲಾಡಿನ ಪೆಟ್ಟಿಗೆ ತಂದು, "ಲೀಡರ್‌ಶಿಪ್ ಅಂದ್ರೆ ಇದು ಮೇಡಂ" ಎಂದು ಎಲ್ಲರೆದುರು ಚಪ್ಪಾಳೆ ತಟ್ಟಿಸಿದ. ಅವಳೂ ತಟ್ಟಿದಳು. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು, ಲಾಡು ತಿಂದೆ.

ಮೊನ್ನೆ ಎಣ್ಮಕಜೆ ಕಡೆಯಿಂದ ಒಬ್ಬ ಹೆಂಗಸು ಫೋನು ಮಾಡಿದರು. ಅವಳೇ ಎತ್ತಿದಳು, ಟೋಕನ್ ಕೊಟ್ಟಳು, ಇಟ್ಟಳು. ಸ್ವಲ್ಪ ಹೊತ್ತಿಗೆ ಅದೇ ನಂಬರು ನನ್ನ ಮೇಜಿಗೆ ಬಂತು.

"ಟೋಕನ್ ಸಿಕ್ಕಿತು, ಅದಕ್ಕಲ್ಲ. ಮೊದಲು ಒಬ್ಬರು ಅಕ್ಕ ಇದ್ರಲ್ಲ, ನಿಧಾನಕ್ಕೆ ಮಾತಾಡುವವರು. ಅವರಿಗೆ ಕೊಡ್ತೀರಾ?"

ಮುಂದೆ ಕೂತವಳ ಬೆನ್ನು ನೋಡಿದೆ. ಈಗ ತಾನೇ ನಿಮ್ಮೊಡನೆ ಮಾತಾಡಿದ್ದು ಅವರೇ ಎನ್ನಲು ಬಾಯಿ ಬರಲಿಲ್ಲ.

"ನನ್ನ ಹತ್ರ ಹೇಳಿ, ತೊಂದರೆ ಇಲ್ಲ" ಎಂದೆ.

"ಬೇಡ, ಅವರು ಬಂದ ಮೇಲೆ ಮಾಡ್ತೇನೆ" ಎಂದು ಆ ಹೆಂಗಸು ಫೋನು ಇಟ್ಟರು.