ವಿಮಾನದ ಹೊಲದಲ್ಲಿ ನನ್ನ ಪಾಲು

ನಮ್ಮ ಹೊಲದಲ್ಲಿ ವಿಮಾನ ಇಳಿದದ್ದನ್ನು ನಾನು ನೋಡಿದ್ದೇನೆ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ರೆಕ್ಕೆಯ ಬಣ್ಣವನ್ನೂ ಹೇಳುತ್ತಿದ್ದೆ. ಒಮ್ಮೆ ಬಿಳಿ, ಇನ್ನೊಮ್ಮೆ ಹಳದಿ. ಅದು ಬರುತ್ತಿದ್ದ ಕಾಲಕ್ಕೆ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ ಎಂದು ಅವ್ವ ನೆನಪಿಸಿದ ಮೇಲೂ ಬಣ್ಣ ಹೋಗಲಿಲ್ಲ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಹೊಲ ಮಾತ್ರ ನಿಜ: ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ.

ಪಕ್ಕದ ಎಸ್ಟೇಟಿನ ಧಣಿ ತನ್ನ ಪುಟ್ಟ ವಿಮಾನ ಇಳಿಸಲು ನಮ್ಮ ಹೊಲದ ರಸ್ತೆ ಬದಿಯ ಉದ್ದನೆಯ ಪಟ್ಟಿಯನ್ನು ಅಪ್ಪನಿಂದ ಗುತ್ತಿಗೆಗೆ ಪಡೆದಿದ್ದ. ಅವನು ಎಸ್ಟೇಟ್ ಮಾರಿ ಹೋದ ಮೇಲೆ ಪಟ್ಟಿ ನಮಗೆ ವಾಪಸ್ಸು ಬಂತು. ಮೇಲೆ ಹುಲ್ಲು ಬಂತು. ಊರವರಿಗೆ ಅದು ಇವತ್ತಿಗೂ ‘ಇಮಾನದೊಲ’.

ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ಹಿರಿಯರು ಪಾಲು ಹಾಕಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ನಮ್ಮ ಕಡೆಯ ಪದ್ಧತಿ ಅದು. ಮೋಸ ಆಗಬಾರದೆಂದೇ ಮಾಡಿದ್ದು. ಮಕ್ಕಳು ಇದ್ದದ್ದು ಇಬ್ಬರೇ, ಅಣ್ಣ ಮತ್ತು ನಾನು. ಹೆಣ್ಣುಮಗಳಿಗೂ ಪಾಲು ಕೊಡುತ್ತಿದ್ದಾನಲ್ಲ ಎಂದು ಊರು ಅವನನ್ನು ಹೊಗಳಿತು. ನಾನೂ ಹೊಗಳಿದೆ. ಅವನು ಹೊಲವನ್ನು ಎರಡು ಮಾಡಿದ: ಪಟ್ಟಿ ಒಂದು, ಅದರಾಚೆಯ ಇಳಿಜಾರು ಒಂದು.

“ಯಾವ್ದು ಬೇಕವ್ವ? ನೀನೇ ಏಳು,” ಎಂದ.

ಪಟ್ಟಿ ಸಪಾಟಾಗಿತ್ತು, ಹಸಿರಾಗಿತ್ತು. “ಇದು,” ಎಂದೆ. ಅವನು ತಲೆಯಾಡಿಸಿದ. ಅಥವಾ ಬೇರೆ ಕಡೆ ನೋಡಿದನೇನೋ. ಆ ಗಳಿಗೆಯನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಅವನ ಮುಖ ಸವೆದೇ ಹೋಗಿದೆ.

ಆ ಮುಂಗಾರಿಗೆ ರಾಗಿ ಬಿತ್ತೋಣವೆಂದು ಅಣ್ಣನ ಟ್ರ್ಯಾಕ್ಟರನ್ನೇ ಕರೆಸಿದೆ. ನೇಗಿಲು ಹುಲ್ಲನ್ನು ಸೀಳಿತು, ಗೇಣುದ್ದವೂ ಇಳಿಯದೆ ಕಿರುಗುಟ್ಟಿತು, ಒಂದು ಗುಳ ಸೊಟ್ಟಗಾಯಿತು. ಕಲ್ಲು ಸಿಕ್ಕಿರಬೇಕೆಂದು ನಾನು ಬಗ್ಗಿ ನೋಡುತ್ತಿದ್ದೆ. ಅಣ್ಣ ಕೆಳಗೆ ಇಳಿಯಲೂ ಇಲ್ಲ.

“ಇದ್ಕೆ ಜೆಸಿಬಿನೇ ಬೇಕು ಕಣವ್ವ. ಮೊಣಕಾಲುದ್ದ ಗ್ರಾವೆಲ್ ಐತೆ. ಮೂರು ಪದರ.”

“ನಿಂಗೆಂಗಣ್ಣ ಗೊತ್ತು?”

“ಅಯ್ಯೋ, ರೋಲರ್ ಓಡ್ಸಿದ್ದೇ ನಾನಲ್ವಾ! ನೀರಾಕಿ ನೀರಾಕಿ ತುಳ್ಸಿದ್ದೀನಿ. ಆ ಧಣಿ ಬೆನ್ನು ತಟ್ಟಿದ್ರು.” ಹೆಮ್ಮೆಯಿಂದಲೇ ಹೇಳಿದ.

“ಮತ್ತೆ ಅವತ್ಯಾಕೆ ಏಳ್ನಿಲ್ಲ?”

“ನೀನು ಆರಿಸ್ಕೊಳೋವಾಗ ನಾನು ಬಾಯಾಕಕ್ಕಾಯ್ತದಾ? ಪದ್ಧತಿ ಅಲ್ವಾ ಕಣವ್ವ.”

ಈ ಮಾತು ನನಗೆ ಅಕ್ಷರ ತಪ್ಪದೆ ನೆನಪಿದೆ. ಇದಕ್ಕೆ ಯಾರ ಸಾಕ್ಷಿಯೂ ಬೇಡ.

ನಾಲ್ಕು ದಿನ ಜೆಸಿಬಿ ಗ್ರಾವೆಲ್ ಎತ್ತಿ ನನ್ನ ಬದುವಿನ ಮೇಲೆ, ಅಣ್ಣ ಇಳಿಜಾರಿಗೆ ಹೋಗುವ ಮಣ್ಣುದಾರಿಯ ಪಕ್ಕ, ಗುಡ್ಡೆ ಹಾಕಿತು. ಅಡಿಯ ಮಣ್ಣು ಬೂದಿಯಂತೆ ಬಿಳಿಚಿಕೊಂಡಿತ್ತು. ಎರಡು ಗಾಡಿ ಗೊಬ್ಬರ ತಿಂದು ಅಲ್ಲೊಂದು ಇಲ್ಲೊಂದು ರಾಗಿ ಪೈರು ಕೊಟ್ಟಿತು. ಆಚೆಯ ಇಳಿಜಾರಿನಲ್ಲಿ ಅಣ್ಣನ ಹೊಗೆಸೊಪ್ಪು ಸೊಂಟದೆತ್ತರ ನಿಂತಿತ್ತು.

ಮಳೆ ಹಿಡಿದಾಗ ಅವನು ಬಂದ. “ಆ ಗ್ರಾವೆಲ್ ಸುಮ್ನೆ ಬಿದ್ದೈತಲ್ಲ, ನನ್ ದಾರಿಗೆ ನಾಕು ಲೋಡ್ ಕೊಟ್ಬುಡವ್ವ. ಟ್ರ್ಯಾಕ್ಟ್ರು ಕೆಸ್ರಲ್ಲಿ ಊತ್ಕೋತದೆ.”

“ಕೊಡಲ್ಲ.”

“ಮಣ್ಣಿಗೂ ಇಷ್ಟು ಜಿಪುಣತನವಾ?”

ಅದೇ ವಾರ ಅವನ ಟ್ರ್ಯಾಕ್ಟರ್ ಆ ದಾರಿಯಲ್ಲಿ, ಗುಡ್ಡೆಯ ಪಕ್ಕದಲ್ಲೇ ಹೂತುಕೊಂಡಿತು. ನಾನು ಕಳೆ ಕೀಳುತ್ತಿದ್ದೆ. ಅಣ್ಣ ಬಂದು ಸನಿಕೆ ಕೇಳಿದ, ಕೊಟ್ಟೆ. ಚಕ್ರದಡಿಗೆ ಒಂದು ಬುಟ್ಟಿ ಗ್ರಾವೆಲ್ ತೆಗೆದುಕೊಳ್ಳಲೇ ಎಂದು ಕೇಳಿದ. ಬೇಡ ಎಂದೆ. ಸಂಜೆಯವರೆಗೂ ಬರಿಯ ಕೆಸರನ್ನೇ ತೋಡಿದ.